ಮನೆಯಂಗಳದ ಟೆಲಿಸ್ಕೋಪ್‌ನಲ್ಲಿ ಉಂಗುರ ನೀಹಾರಿಕೆ: ಉತ್ತರ ಕನ್ನಡದವರಿಗೆ ನೋಡುವ, ಫೋಟೊ ತೆಗೆಯುವ ಸಮಗ್ರ ಮಾರ್ಗದರ್ಶಿ

ಹೊಸ ಟೆಲಿಸ್ಕೋಪ್ ತಂದವರು ಚಂದ್ರ, ಗುರು, ಶನಿ ನೋಡಿ ಮುಗಿಸಿದ ಮೇಲೆ ಸಾಮಾನ್ಯವಾಗಿ ಹುಡುಕಲು ಹೊರಡುವುದು ಉಂಗುರ ನೀಹಾರಿಕೆಯನ್ನು, ಅಂದರೆ ಎಂ 57. ತುಂಬಾ ಜನ ಅಲ್ಲೇ ಸೋಲುತ್ತಾರೆ. "ಜಾಗ ಸರಿಯಾಗೇ ಇದೆ, ಆದರೆ ಏನೂ ಕಾಣ್ತಿಲ್ಲ" ಎನ್ನುತ್ತಾರೆ. ಎಷ್ಟೋ ಸಲ ಅದು ಅವರ ಕಣ್ಣೆದುರೇ ಇರುತ್ತದೆ. ಕಡಿಮೆ ವರ್ಧನೆಯಲ್ಲಿ ನಕ್ಷತ್ರದಂತೆ ಕಂಡಿದ್ದರಿಂದ ದಾಟಿ ಮುಂದೆ ಹೋಗಿರುತ್ತಾರೆ.

ಎಂ 57 ಒಂದು ಗ್ರಹೀಯ ನೀಹಾರಿಕೆ. ಅಂದರೆ ಸೂರ್ಯನಂಥ ನಕ್ಷತ್ರ ತನ್ನ ಕೊನೆಗಾಲದಲ್ಲಿ ಹೊರಕ್ಕೆ ಬಿಟ್ಟ ಅನಿಲದ ಚಿಪ್ಪು. ಇವುಗಳಲ್ಲಿ ಹೆಚ್ಚಿನವು ಆಕಾಶದಲ್ಲಿ ತೀರಾ ಚಿಕ್ಕವು. ಆದರೆ ಆ ಚಿಕ್ಕ ಜಾಗದಲ್ಲೇ ಬೆಳಕು ಒತ್ತಾಗಿರುತ್ತದೆ. ಹಾಗಾಗಿ ದೊಡ್ಡ ಒರಾಯನ್ ನೀಹಾರಿಕೆಯನ್ನು ಕಡಿಮೆ ವರ್ಧನೆಯಲ್ಲಿ ನೋಡುವ ಕ್ರಮ ಇಲ್ಲಿ ನಡೆಯುವುದಿಲ್ಲ. ಗ್ರಹ ನೋಡುವಾಗಿನಂತೆ ಜಾಸ್ತಿ ವರ್ಧನೆ ಬೇಕು. ಫೋಟೊಗೆ ಚಿಕ್ಕ ಚಿಕ್ಕ ಎಕ್ಸ್‌ಪೋಷರ್ ಬೇಕು. ಕೆಳಗಿನ ಹಂತಗಳೆಲ್ಲ ಈ ಎರಡು ಮಾತಿನ ಮೇಲೇ ನಿಂತಿವೆ. ಕ್ರಮ ತಪ್ಪಿಸಬೇಡಿ.

## 1. ತಿಂಗಳು ನೋಡಿ ಗುರಿ ಆರಿಸಿ

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ. ಎಂ 57 ನಡುರಾತ್ರಿ ನೆತ್ತಿಯ ಹತ್ತಿರ ಬರುವುದು ಸರಿಯಾಗಿ ಜುಲೈ ಆರಂಭದಲ್ಲಿ! ಅದಕ್ಕೇ ಬೇರೆ ದೇಶದ ವಿಡಿಯೊ ನೋಡಿ "ಬೇಸಿಗೆಯ ಗುರಿ" ಎಂದು ನಂಬಿಕೊಂಡರೆ ನಮಗೆ ಉಪಯೋಗವಿಲ್ಲ. ಎಂ 57 ಮತ್ತು ಅದರಂಥವೇ ಬೇರೆ ಗ್ರಹೀಯ ನೀಹಾರಿಕೆಗಳಿಗೆ ನಮ್ಮ ಕಾಲ ಹೀಗಿದೆ (ಎಂ, ಎನ್‌ಜಿಸಿ ಎಂದರೆ ಆಕಾಶಕಾಯಗಳ ಪಟ್ಟಿಗಳ ಹೆಸರು):

- ಅಕ್ಟೋಬರ್, ನವೆಂಬರ್ ಸಂಜೆ: ಎಂ 57, ಎಂ 27 (ಡಂಬೆಲ್), ಕುಂಭ ರಾಶಿಯ ಎನ್‌ಜಿಸಿ 7009.
- ಜನವರಿಯಿಂದ ಮಾರ್ಚ್: ಮಿಥುನ ರಾಶಿಯ ಎನ್‌ಜಿಸಿ 2392. ಡೆಲ್ಟಾ ಜೆಮಿನೋರಮ್ ನಕ್ಷತ್ರದಿಂದ ಪೂರ್ವಕ್ಕೆ, ತುಸು ದಕ್ಷಿಣಕ್ಕೆ ಸರಿದಂತೆ, ಸುಮಾರು ಎರಡೂವರೆ ಡಿಗ್ರಿ.
- ಮಾರ್ಚ್, ಏಪ್ರಿಲ್: ಹೈಡ್ರಾ ನಕ್ಷತ್ರಪುಂಜದ ಎನ್‌ಜಿಸಿ 3242, ಗುರುವಿನ ಭೂತ ಎಂಬ ಹೆಸರಿನದು. ಮ್ಯೂ ಹೈಡ್ರೇ ನಕ್ಷತ್ರದಿಂದ ದಕ್ಷಿಣಕ್ಕೆ ಎರಡು ಡಿಗ್ರಿಗೂ ತುಸು ಕಡಿಮೆ.
- ಬೆಳಗಿನ ಜಾವ ಏಳುವವರಿಗೆ ಮಾರ್ಚ್‌ನಿಂದ ಮೇವರೆಗೆ ಮತ್ತೆ ಎಂ 57 ಸಿಗುತ್ತದೆ.

ಎಂ 57 ಬೇಕೆಂದರೆ ಅಕ್ಟೋಬರ್ ಬಿಡಬೇಡಿ. ಅಕ್ಟೋಬರ್ ಮಧ್ಯದಲ್ಲಿ ಸಂಜೆ ಏಳೂವರೆಗೆ ಅದು 60 ಡಿಗ್ರಿ ಮೇಲಿರುತ್ತದೆ. ನವೆಂಬರ್ ಮಧ್ಯಕ್ಕೆ ಅದೇ ಹೊತ್ತಿಗೆ 40 ಡಿಗ್ರಿಗೂ ಕೆಳಗೆ ಇಳಿದಿರುತ್ತದೆ. ಡಿಸೆಂಬರ್‌ನಲ್ಲಿ ಕತ್ತಲಾಗುವಷ್ಟರಲ್ಲಿ ಕಡಲಿನ ಮಬ್ಬಿಗೆ ಹತ್ತಿರವಾಗಿರುತ್ತದೆ, ಆಗ ಒದ್ದಾಡಿ ಪ್ರಯೋಜನವಿಲ್ಲ.

ಹೆಲಿಕ್ಸ್ ನೀಹಾರಿಕೆಯನ್ನು ಪಟ್ಟಿಗೆ ಸೇರಿಸಿಲ್ಲ. ಅದರ ಒಟ್ಟು ಪ್ರಭೆ (ಸಂಖ್ಯೆ ಚಿಕ್ಕದಾದಷ್ಟೂ ಹೊಳಪು ಜಾಸ್ತಿ) 7.6 ಎಂದು ಓದಿ ಸುಲಭ ಅಂದುಕೊಳ್ಳುತ್ತಾರೆ. ಆ ಬೆಳಕೆಲ್ಲ ಚಂದ್ರನ ಅರ್ಧ ಅಗಲಕ್ಕೆ ಹರಡಿಕೊಂಡಿದೆ. ಮೊದಲ ಗುರಿಯಾಗಿ ಖಂಡಿತ ಬೇಡ.

## 2. ಜಾಗ

ತಾರಸಿ ಎತ್ತರದಲ್ಲಿದೆ, ಆಕಾಶ ಪೂರ್ತಿ ಕಾಣುತ್ತದೆ, ನಿಜ. ಆದರೆ ಹಗಲೆಲ್ಲ ಕಾದ ಕಾಂಕ್ರೀಟ್ ರಾತ್ರಿ ಹತ್ತರವರೆಗೂ ಬಿಸಿ ಬಿಡುತ್ತಿರುತ್ತದೆ. ಜಾಸ್ತಿ ವರ್ಧನೆಯಲ್ಲಿ ಚಿತ್ರ ಕುದಿಯುತ್ತದೆ. ಮಣ್ಣಿನ ಅಂಗಳ, ಕೊಯ್ಲಾದ ಗದ್ದೆ ಬಯಲು, ಊರ ಬೇಣ, ಇವು ತಾರಸಿಗಿಂತ ಒಳ್ಳೆಯವು. ಗದ್ದೆಯಲ್ಲಿ ತೇವ ಜಾಸ್ತಿ, ಟ್ರೈಪಾಡ್ ಕಾಲಿನಡಿ ಹಲಗೆ ಇಡಿ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟದ ಮನೆಗಳಲ್ಲಿ ಎರಡು ತೊಂದರೆ. ಅಡಿಕೆ ಸುಗ್ಗಿಯಲ್ಲಿ ಅಂಗಳಕ್ಕೆ ಚಪ್ಪರ ಬಂದಿರುತ್ತದೆ. ಅಡಿಕೆ ಬೇಯಿಸುವ ಒಲೆಯ ಹೊಗೆ ಮತ್ತು ಬಿಸಿಗಾಳಿ ಟೆಲಿಸ್ಕೋಪ್ ಎದುರಿಗೇ ಹಾಯುತ್ತದೆ. ಒಲೆಯಿಂದ ಗಾಳಿ ಬೀಸಿ ಬರುವ ಕಡೆ ನಿಲ್ಲಬೇಡಿ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದವರಿಗೆ ಪಶ್ಚಿಮದ ಆಕಾಶ ದೊಡ್ಡ ಆಸ್ತಿ. ಪೂರ್ವಕ್ಕೆ ಪೇಟೆ, ಹೆದ್ದಾರಿ 66ರ ದೀಪ. ಪಶ್ಚಿಮಕ್ಕೆ ಬರೀ ಕಡಲು. ಎಂ 57 ಅಕ್ಟೋಬರ್ ಸಂಜೆ ವಾಯವ್ಯದಲ್ಲೇ ಇರುವುದರಿಂದ ಇದು ಅನುಕೂಲ. ಮೀನುಗಾರಿಕೆ ದೋಣಿಗಳ ದೀಪ ಇದ್ದರೂ ಕೆಳಗಿನ ಹದಿನೈದು ಡಿಗ್ರಿಯನ್ನಷ್ಟೇ ಹಾಳು ಮಾಡುತ್ತದೆ. ಹಾಗಂತ ಬೀಚಿನ ಮರಳಿಗೆ ಇಳಿಯಬೇಡಿ. ಮೌಂಟಿನ, ಅಂದರೆ ಟೆಲಿಸ್ಕೋಪ್ ತಿರುಗುವ ಪೀಠದ, ಹಲ್ಲುಗಳಿಗೆ ಮರಳು ಸೇರಿದರೆ ಬಿಡಿಸುವುದು ಬಹಳ ಕಷ್ಟ, ಉಪ್ಪಿನ ತೇವ ಕನ್ನಡಿಯ ಲೇಪನ ತಿನ್ನುತ್ತದೆ. ಅಲೆಯಿಂದ ದೂರ, ಮನೆ ಹಿತ್ತಲೇ ಸಾಕು. ಇನ್ನೊಂದು ಮಾತು: ಕಾರವಾರದಲ್ಲಿ ನೌಕಾನೆಲೆ ಇದೆ. ಅದರ ಸುತ್ತ ಕ್ಯಾಮೆರಾ ಹಿಡಿದು ನಿಲ್ಲುವುದು, ಆಕಾಶಕ್ಕೆ ಹಸಿರು ಲೇಸರ್ ಬಿಡುವುದು ಎರಡೂ ಬೇಡ.

## 3. ಬೇಕಾದ ಸಾಮಾನು

ನೋಡುವುದಕ್ಕೆ 6 ಅಥವಾ 8 ಇಂಚಿನ ಡಾಬ್ಸೋನಿಯನ್ (ಪೆಟ್ಟಿಗೆ ಪೀಠದ ಮೇಲೆ ಕೈಯಿಂದ ತಿರುಗಿಸುವ ನ್ಯೂಟೋನಿಯನ್, ಅಂದರೆ ಕನ್ನಡಿಯ ಟೆಲಿಸ್ಕೋಪ್) ಸಾಕು. 1200 ಮಿ.ಮೀ. ಫೋಕಲ್ ಲೆಂತ್ ಇರುವ ಟೆಲಿಸ್ಕೋಪ್‌ಗೆ 25 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್) ಹಾಕಿದರೆ 48 ಪಟ್ಟು, 10 ಮಿ.ಮೀ. ಹಾಕಿದರೆ 120 ಪಟ್ಟು. ಈ ಎರಡು ಇದ್ದರೆ ಕೆಲಸ ನಡೆಯುತ್ತದೆ. ಜೊತೆಗೆ ಕೆಂಪು ಟಾರ್ಚ್, ನಕ್ಷತ್ರ ನಕ್ಷೆಯ ಆ್ಯಪ್, ಕೂರಲು ಸ್ಟೂಲ್. ಮಲೆನಾಡಿನ ಅಂಗಳದಲ್ಲಿ ಓಡಾಡಲು ಬೂಟು ಮತ್ತು ಒಂದು ಬಿಳಿ ಟಾರ್ಚ್ ಕೂಡ ಇರಲಿ. ಹಾವಿನ ವಿಷಯದಲ್ಲಿ, ಕತ್ತಲಿಗೆ ಹೊಂದಿಕೊಂಡ ಕಣ್ಣು ಬಿಳಿ ಬೆಳಕಿಗೆ ಕೆಡುತ್ತದೆ ಎಂದು ಚಿಂತೆ ಮಾಡಬಾರದು.

ದುಡ್ಡು ಉಳಿದರೆ ಓ-3 ಫಿಲ್ಟರ್ ಕೊಳ್ಳಿ. ಗ್ರಹೀಯ ನೀಹಾರಿಕೆಗಳ ಬೆಳಕಿನ ದೊಡ್ಡ ಪಾಲು ಆಮ್ಲಜನಕದ 500.7 ನ್ಯಾನೊಮೀಟರ್ ಗೆರೆಯಲ್ಲಿ ಬರುತ್ತದೆ. ಈ ಫಿಲ್ಟರ್ ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ತಡೆಯುತ್ತದೆ. ಹೊಸ ಐಪೀಸ್‌ಗಿಂತ ಇದೇ ಮೊದಲು ಎನ್ನುವುದು ನನ್ನ ಅಭಿಪ್ರಾಯ.

## 4. ಹಗಲಲ್ಲೇ ಮುಗಿಸಬೇಕಾದ ಕೆಲಸ

1. ಫೈಂಡರ್ (ಗುರಿ ಹಿಡಿಯಲು ಟೆಲಿಸ್ಕೋಪ್ ಮೇಲಿರುವ ಸಣ್ಣ ದುರ್ಬೀನು) ಹೊಂದಿಸಿ. ದೂರದ ಮೊಬೈಲ್ ಟವರ್ ತುದಿಯನ್ನು ಐಪೀಸ್ ನಡುವೆ ತಂದು, ಫೈಂಡರ್‌ನಲ್ಲೂ ಅದೇ ತುದಿ ನಡುವೆ ಬರುವಂತೆ ತಿರುಪು ತಿರುಗಿಸಿ. "ಸಿಗಲಿಲ್ಲ" ಎನ್ನುವ ದೂರುಗಳಲ್ಲಿ ಬಹಳಷ್ಟು ಇಲ್ಲೇ ಶುರುವಾಗುತ್ತವೆ. ಹಗಲಲ್ಲಿ ಟೆಲಿಸ್ಕೋಪ್ ಸೂರ್ಯನ ಹತ್ತಿರಕ್ಕೂ ತಿರುಗಬಾರದು, ಮಕ್ಕಳಿದ್ದರೆ ಬಿಟ್ಟು ಒಳಗೆ ಹೋಗಬೇಡಿ.

2. ಕನ್ನಡಿಗಳು ಒಂದಕ್ಕೊಂದು ನೇರವಾಗಿ ಕೂತಿವೆಯೇ (ಕಾಲಿಮೇಷನ್) ನೋಡಿ. ಕಾಲಿಮೇಷನ್ ಕ್ಯಾಪ್, ಅಂದರೆ ನಡುವೆ ತೂತಿರುವ ಮುಚ್ಚಳ, ಹಾಕಿದಾಗ ದೊಡ್ಡ ಕನ್ನಡಿಯ ಗುರುತು ನಡುವೆ ಕಾಣಬೇಕು. ಘಟ್ಟದ ರಸ್ತೆಯಲ್ಲಿ ಕಾರಿನಲ್ಲಿ ತಂದಿದ್ದರೆ ಅದು ಸರಿದಿರುವ ಸಾಧ್ಯತೆಯೇ ಜಾಸ್ತಿ.

3. ಕ್ಯಾಮೆರಾ ಫೋಕಸ್ ಆಗುತ್ತದೆಯೇ ಎಂದು ದೂರದ ಮರ ನೋಡಿ ಪರೀಕ್ಷಿಸಿ. ಎಷ್ಟೋ ನ್ಯೂಟೋನಿಯನ್‌ಗಳಲ್ಲಿ ಡಿಎಸ್‌ಎಲ್‌ಆರ್ ಹಾಕಿದರೆ ಫೋಕಸರ್ ಪೂರ್ತಿ ಒಳಗೆ ಹೋದರೂ ಚಿತ್ರ ಚೂಪಾಗುವುದಿಲ್ಲ. ಬಾರ್ಲೋ ಲೆನ್ಸ್ (ವರ್ಧನೆ ಹೆಚ್ಚಿಸುವ ಹೆಚ್ಚುವರಿ ಲೆನ್ಸ್) ಸೇರಿಸಿದರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಇದು ರಾತ್ರಿ ಗೊತ್ತಾದರೆ ಆ ರಾತ್ರಿ ಹೋಯಿತು.

ಸೂರ್ಯ ಮುಳುಗುತ್ತಿದ್ದಂತೆ ಟೆಲಿಸ್ಕೋಪ್ ಹೊರಗಿಡಿ. ಮುಕ್ಕಾಲು ಗಂಟೆಯಾದರೂ ಕನ್ನಡಿ ಹೊರಗಿನ ತಾಪಕ್ಕೆ ಬರಲಿ.

## 5. ಎಂ 57 ಹುಡುಕುವ ಕ್ರಮ

ವಾಯವ್ಯದಲ್ಲಿ ಎಲ್ಲಕ್ಕಿಂತ ಹೊಳೆಯುವ ನೀಲಿ ಬಿಳುಪಿನ ನಕ್ಷತ್ರ ಅಭಿಜಿತ್ (ವೇಗಾ). ಅದರ ಪಕ್ಕದಲ್ಲಿ ನಾಲ್ಕು ಸಣ್ಣ ನಕ್ಷತ್ರಗಳ ವಾಲಿದ ಚೌಕವಿದೆ. ಅಭಿಜಿತ್‌ಗೆ ದೂರದ ಎರಡು ಮೂಲೆಗಳಲ್ಲಿರುವುದು ಶೆಲಿಯಾಕ್ ಮತ್ತು ಸುಲಾಫಟ್. ಎಂ 57 ಇವೆರಡರ ನಡುವೆ, ಶೆಲಿಯಾಕ್ ಕಡೆಗೆ ಸ್ವಲ್ಪ ಹತ್ತಿರ.

1. 25 ಮಿ.ಮೀ. ಐಪೀಸ್ ಹಾಕಿ. ಅಭಿಜಿತ್ ಮೇಲೆ ಫೋಕಸ್ ಮಾಡಿ, ನಕ್ಷತ್ರ ಸೂಜಿಮೊನೆಯಷ್ಟಾಗಲಿ. ನೀಹಾರಿಕೆ ಮೇಲೆ ಫೋಕಸ್ ಮಾಡಲು ಹೋಗಬೇಡಿ, ಅದರ ಅಂಚು ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯುವುದಿಲ್ಲ.

2. ಫೈಂಡರ್‌ನಲ್ಲಿ ಶೆಲಿಯಾಕ್ ನಡುವೆ ತನ್ನಿ. ಐಪೀಸ್‌ನಲ್ಲಿ ಅದು ಇದೆಯೇ ನೋಡಿ.

3. ಅಲ್ಲಿಂದ ಸುಲಾಫಟ್ ಕಡೆಗೆ ನಿಧಾನ ಸರಿಯಿರಿ. ಎರಡರ ನಡುವಿನ ದೂರ 2 ಡಿಗ್ರಿ, ನಿಮ್ಮ ಐಪೀಸ್ ತೋರಿಸುವ ಅಗಲ ಸುಮಾರು 1 ಡಿಗ್ರಿ. ಹಾಗಾಗಿ ಎರಡೂ ಒಟ್ಟಿಗೆ ಕಾಣುವುದಿಲ್ಲ. ಶೆಲಿಯಾಕ್ ನಡುವಿನಿಂದ ಹೊರಟು ಅಂಚು ದಾಟಿ ಹೋದ ಸ್ವಲ್ಪಕ್ಕೇ ನಿಂತುಬಿಡಿ.

4. ಈಗ ಕಾಣುವ ನಕ್ಷತ್ರಗಳಲ್ಲಿ ಫೋಕಸ್ ತಪ್ಪಿದಂತಿರುವ ಒಂದನ್ನು ಹುಡುಕಿ. ಬೇರೆಲ್ಲ ಚೂಪಾಗಿ, ಒಂದು ಮಾತ್ರ ಊದಿಕೊಂಡಂತೆ ಬೂದು ಬಣ್ಣದಲ್ಲಿದ್ದರೆ ಅದೇ.

5. ಅನುಮಾನ ಇದ್ದರೆ ಓ-3 ಫಿಲ್ಟರನ್ನು ಬೆರಳಲ್ಲಿ ಹಿಡಿದು ಕಣ್ಣಿಗೂ ಐಪೀಸ್‌ಗೂ ನಡುವೆ ತಂದು ತೆಗೆಯಿರಿ. ನಕ್ಷತ್ರಗಳು ಮಂಕಾಗುತ್ತವೆ, ನೀಹಾರಿಕೆ ಹಾಗೇ ಉಳಿಯುತ್ತದೆ. ಚಿಕ್ಕ ಗ್ರಹೀಯ ನೀಹಾರಿಕೆ ಗುರುತಿಸಲು ಇಷ್ಟು ಖಚಿತವಾದ ಉಪಾಯ ಇನ್ನೊಂದಿಲ್ಲ. ಎನ್‌ಜಿಸಿ 7009 ಹುಡುಕುವಾಗ ಇದಿಲ್ಲದಿದ್ದರೆ ತಲೆ ಕೆಡುತ್ತದೆ.

ಎಂ 27ಕ್ಕೆ ದಾರಿ ಇನ್ನೂ ಸುಲಭ. ಸಜಿಟ್ಟಾ ಎಂಬ ಬಾಣದಾಕಾರದ ನಕ್ಷತ್ರಪುಂಜದ ಮೊನೆಯ ನಕ್ಷತ್ರದಿಂದ ನೇರ ಉತ್ತರಕ್ಕೆ ಮೂರು ಡಿಗ್ರಿ. ಆದರೆ ನಮ್ಮ ಅಕ್ಷಾಂಶದಲ್ಲಿ ಅದು 80 ಡಿಗ್ರಿಗೂ ಮೇಲೇರುತ್ತದೆ. ನೆತ್ತಿಯ ಹತ್ತಿರ ಡಾಬ್ಸೋನಿಯನ್ ತಿರುಗಿಸುವುದು ಬಲು ಕಷ್ಟ. ಅಕ್ಟೋಬರ್ ಮಧ್ಯದಲ್ಲಾದರೆ ಕತ್ತಲಾದ ಮೇಲೆ ಒಂದೂವರೆ ಗಂಟೆ ಕಾದು, ಅದು ಪಶ್ಚಿಮಕ್ಕೆ ಇಳಿದ ಮೇಲೆ ನೋಡಿ.

## 6. ಸಿಕ್ಕಿದ ಮೇಲೆ ನೋಡುವುದು

ಇಲ್ಲೇ ತುಂಬಾ ಜನ ಬೇಗ ಏಳುತ್ತಾರೆ. ಏಳಬೇಡಿ. ಈಗ ಐಪೀಸ್ ಬದಲಾಯಿಸಿ 120 ಪಟ್ಟಿಗೆ ಹೋಗಿ. ಹಿನ್ನೆಲೆ ಕಪ್ಪಾಗುತ್ತದೆ, ಉಂಗುರ ದೊಡ್ಡದಾಗುತ್ತದೆ. 6 ಇಂಚಿನಲ್ಲಿ ನಡುವಿನ ತೂತು ಇಷ್ಟು ವರ್ಧನೆಗೆ ಸ್ಪಷ್ಟವಾಗಿ ಬರುತ್ತದೆ: ಸ್ವಲ್ಪ ಮೊಟ್ಟೆಯಾಕಾರಕ್ಕೆ ಒತ್ತಿದ ಕೋಡುಬಳೆಯಂತೆ. ಗಾಳಿ ಶಾಂತವಾಗಿದ್ದರೆ 200 ಪಟ್ಟಿಗೂ ಹೋಗಿ ನೋಡಿ.

ನೇರವಾಗಿ ದಿಟ್ಟಿಸಬೇಡಿ. ಉಂಗುರದ ಪಕ್ಕದ ಖಾಲಿ ಜಾಗ ನೋಡುತ್ತ, ಗಮನ ಮಾತ್ರ ಉಂಗುರದ ಮೇಲಿಡಿ. ಮಂದ ಬೆಳಕಿಗೆ ಸೂಕ್ಷ್ಮವಾದ ಕೋಶಗಳು ಕಣ್ಣಿನ ನಡುವೆ ಇಲ್ಲ, ಸುತ್ತ ಇವೆ. ಅವು ಪೂರ್ತಿ ಎಚ್ಚರವಾಗಲು 20ರಿಂದ 30 ನಿಮಿಷ ಕತ್ತಲು ಬೇಕು. ನಡುವೆ ಒಮ್ಮೆ ಮೊಬೈಲ್ ತೆರೆದರೆ ಮತ್ತೆ ಮೊದಲಿಂದ. ಜಗಲಿ ದೀಪ ಆರಿಸಲು ಮನೆಯವರಿಗೆ ಮೊದಲೇ ಹೇಳಿಡಿ.

ಬಣ್ಣ ಕಾಣುತ್ತದೆಯೇ? ಎಂ 57 ಬೂದು. ಆ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ. ಬಣ್ಣ ಬೇಕಿದ್ದರೆ ಎನ್‌ಜಿಸಿ 7009 ಅಥವಾ ಎನ್‌ಜಿಸಿ 3242 ನೋಡಿ. ಚಿಕ್ಕವು, ಬೆಳಕು ಇನ್ನೂ ಒತ್ತು. 8 ಇಂಚಿನಲ್ಲಿ ನೀಲಿ ಹಸಿರು ಛಾಯೆ ಕಂಡಾಗ ನಿಜಕ್ಕೂ ಖುಷಿಯಾಗುತ್ತದೆ. ಎಂ 57ರ ನಡುವಿನ ನಕ್ಷತ್ರಕ್ಕಾಗಿ ಹುಡುಕುತ್ತ ಕೂರಬೇಡಿ. ಅದರ ಪ್ರಭೆ ಸುಮಾರು 15, ಅಂಗಳದ 8 ಇಂಚಿಗೆ ಎಟಕುವುದಿಲ್ಲ.

ಬೆಳದಿಂಗಳಿದ್ದರೆ? ಹುಣ್ಣಿಮೆ ಸುತ್ತಲಿನ ದಿನ ಬಿಡಿ. ಅರ್ಧ ಚಂದ್ರ ಇದ್ದರೂ ಎಂ 57 ಸಿಗುತ್ತದೆ.

## 7. ಮೊದಲ ಫೋಟೊ: ಮೊಬೈಲ್ ಸಾಕು

ಟ್ರ್ಯಾಕಿಂಗ್ (ಆಕಾಶದ ಜೊತೆ ತಾನೇ ತಿರುಗುವ ವ್ಯವಸ್ಥೆ) ಇಲ್ಲದ ಡಾಬ್ಸೋನಿಯನ್‌ನಲ್ಲೂ ಉಂಗುರದ ಫೋಟೊ ಬರುತ್ತದೆ. ಲೆಕ್ಕ ಇಷ್ಟೇ: ಎಂ 57 ಇರುವ ಜಾಗದಲ್ಲಿ ಆಕಾಶ ಸೆಕೆಂಡಿಗೆ ಸುಮಾರು 12.6 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ಸರಿಯುತ್ತದೆ. ಉಂಗುರದ ಉದ್ದ 80 ಆರ್ಕ್‌ಸೆಕೆಂಡ್‌ಗೂ ಸ್ವಲ್ಪ ಜಾಸ್ತಿ. ಅರ್ಧ ಸೆಕೆಂಡ್ ಎಕ್ಸ್‌ಪೋಷರ್ ಕೊಟ್ಟರೆ 6 ಆರ್ಕ್‌ಸೆಕೆಂಡ್ ಮಸುಕು, ತೂತು ಉಳಿಯುತ್ತದೆ. ಎರಡು ಸೆಕೆಂಡ್ ಕೊಟ್ಟರೆ 25, ತೂತು ಮುಚ್ಚಿಹೋಗುತ್ತದೆ.

1. ಫೋನನ್ನು ಅಡಾಪ್ಟರ್‌ನಿಂದ ಐಪೀಸ್‌ಗೆ ಬಿಗಿಯಿರಿ. ಕೈಯಲ್ಲಿ ಹಿಡಿದರೆ ಆಗುವುದಿಲ್ಲ. ಭಾರಕ್ಕೆ ಕೊಳವೆ ಬಾಗಿದರೆ ಹಿಂದಿನ ತುದಿಗೆ ಒಂದು ಅಯಸ್ಕಾಂತ ಅಂಟಿಸಿ.
2. ಪ್ರೊ ಮೋಡ್: ಐಎಸ್‌ಒ 1600ರಿಂದ 3200, ಶಟರ್ ಅರ್ಧ ಸೆಕೆಂಡ್, ಫೋಕಸ್ ಮ್ಯಾನ್ಯುಯಲ್. ನೈಟ್ ಮೋಡ್ ಬೇಡ, ಅದು ಸರಿಯುತ್ತಿರುವ ಚಿತ್ರಗಳನ್ನು ತನಗೆ ತೋಚಿದಂತೆ ಬೆರೆಸುತ್ತದೆ.
3. ಮೂರು ಸೆಕೆಂಡ್ ಟೈಮರ್ ಇಡಿ.
4. ಉಂಗುರವನ್ನು ಅಂಚಿಗೆ ತಂದು, ಅದು ಅಡ್ಡಲಾಗಿ ದಾಟುವಾಗ ತೆಗೆಯುತ್ತ ಹೋಗಿ. ನೂರು ಚಿತ್ರವಾದರೂ ಇರಲಿ, ಇವನ್ನು ಕೂಡಿಸುವ ಸಾಫ್ಟ್‌ವೇರ್ 9ನೇ ಭಾಗದಲ್ಲಿದೆ.

## 8. ಟ್ರ್ಯಾಕಿಂಗ್ ಮೌಂಟ್: ನಮ್ಮ ಅಕ್ಷಾಂಶದ ಕಷ್ಟ

ಇಕ್ವಟೋರಿಯಲ್ ಮೌಂಟ್ (ಒಂದು ಅಕ್ಷವನ್ನು ಧ್ರುವದ ಕಡೆಗೆ ಹೊಂದಿಸಿದರೆ ಆಕಾಶದ ಜೊತೆ ತಿರುಗುವ ಪೀಠ) ಕೊಂಡವರು ಜಾಸ್ತಿ ಬೇಸತ್ತು ಹೋಗುವುದು ಇಲ್ಲಿ. ಇದಕ್ಕೆ ಕಾರಣ ನಮ್ಮ ಊರು ಭೂಮಧ್ಯರೇಖೆಗೆ ಹತ್ತಿರ ಇರುವುದು. ಶಿರಸಿಯ ಅಕ್ಷಾಂಶ 14.6, ಕಾರವಾರದ್ದು 14.8, ಭಟ್ಕಳದ್ದು ಸುಮಾರು 14. ಧ್ರುವ ನಕ್ಷತ್ರ ದಿಗಂತದಿಂದ ಅಷ್ಟೇ ಎತ್ತರ. ಚಾಚಿದ ಕೈಯ ಒಂದೂವರೆ ಮುಷ್ಟಿ. ಅಡಿಕೆ ತೋಟ, ಗುಡ್ಡ, ಪಕ್ಕದ ಮನೆ, ಏನಾದರೊಂದು ಅದನ್ನು ಮುಚ್ಚಿರುತ್ತದೆ.

ಮೊದಲು ಮೌಂಟ್ ಅಷ್ಟು ಕೆಳಗೆ ಬಾಗುತ್ತದೆಯೇ ನೋಡಿ. ಕೆಲವು ಮೌಂಟ್‌ಗಳು 20 ಡಿಗ್ರಿಗೇ ನಿಲ್ಲುತ್ತವೆ. ಕೊಳ್ಳುವ ಮುನ್ನ ಇದೊಂದನ್ನು ಕೇಳಲೇಬೇಕು. ಎರಡನೆಯದು, ಧ್ರುವದ ಅಕ್ಷ ಹೆಚ್ಚುಕಡಿಮೆ ಮಲಗಿರುವುದರಿಂದ ತೂಕದ ಸರಳು ನೇರ ಕೆಳಗೆ ಇಳಿದು ಉತ್ತರದ ಟ್ರೈಪಾಡ್ ಕಾಲಿಗೆ ಬಡಿಯುತ್ತದೆ. ಮೋಟಾರ್ ಸದ್ದು ಬದಲಾಯಿತು, ಅಥವಾ ನಕ್ಷತ್ರ ಇದ್ದಕ್ಕಿದ್ದಂತೆ ಗೆರೆಯಾಯಿತು ಎಂದರೆ ತಕ್ಷಣ ನಿಲ್ಲಿಸಿ ಅಲ್ಲಿ ನೋಡಿ. ಉತ್ತರ ದಿಕ್ಕು ಎರಡು ಕಾಲುಗಳ ನಡುವೆ ಬರುವಂತೆ ತಿರುಗಿಸಿ, ಇಲ್ಲವೇ ಟ್ರೈಪಾಡ್ ಮೇಲೆ ಎತ್ತರಿಸುವ ಕಂಬ ಹಾಕಿ.

ಧ್ರುವ ಕಾಣದಿದ್ದರೆ ಕ್ರಮ ಹೀಗೆ:

1. ಸ್ಪಿರಿಟ್ ಲೆವೆಲ್ ಇಟ್ಟು ಟ್ರೈಪಾಡ್ ಸಮ ಮಾಡಿ.
2. ದಿಕ್ಸೂಚಿಯಿಂದ ಉತ್ತರ ಹಿಡಿಯಿರಿ. ನಮ್ಮ ಕಡೆ ಅದು ಹೆಚ್ಚೂಕಡಿಮೆ ನಿಜವಾದ ಉತ್ತರವನ್ನೇ ತೋರಿಸುತ್ತದೆ. ಆದರೆ ಮೌಂಟಿನ ಕಬ್ಬಿಣದಿಂದ ನಾಲ್ಕು ಹೆಜ್ಜೆ ದೂರ ನಿಂತು ನೋಡಬೇಕು.
3. ಫೋನಿನ ಕೋನ ಅಳೆಯುವ ಆ್ಯಪ್‌ನಿಂದ ಅಕ್ಷವನ್ನು ನಿಮ್ಮೂರ ಅಕ್ಷಾಂಶಕ್ಕೆ ತನ್ನಿ.
4. ಲ್ಯಾಪ್‌ಟಾಪ್ ಮತ್ತು ಕ್ಯಾಮೆರಾ ಇದ್ದರೆ ನೀನಾ ಸಾಫ್ಟ್‌ವೇರ್‌ನ ಮೂರು ಬಿಂದುಗಳ ಹೊಂದಾಣಿಕೆ ಬಳಸಿ. ಅದಕ್ಕೆ ಧ್ರುವ ಕಾಣಬೇಕಿಲ್ಲ, ಆಕಾಶದ ಯಾವ ತುಂಡಾದರೂ ಸಾಕು.
5. ಲ್ಯಾಪ್‌ಟಾಪ್ ಇಲ್ಲವೇ? ಡ್ರಿಫ್ಟ್ ವಿಧಾನ. ದಕ್ಷಿಣೋತ್ತರ ರೇಖೆಯ ಮೇಲೆ, ಖಗೋಳ ಮಧ್ಯರೇಖೆ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿರುವ ರೇಖೆ) ಹತ್ತಿರದ ನಕ್ಷತ್ರ ನೋಡಿ. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ಜಾಸ್ತಿಯಾಗಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಆಮೇಲೆ ಪೂರ್ವದಲ್ಲಿ ತಗ್ಗಿನಲ್ಲಿರುವ ನಕ್ಷತ್ರ ನೋಡಿ. ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗು, ಉತ್ತರಕ್ಕಾದರೆ ಎತ್ತರ.

## 9. ಕ್ಯಾಮೆರಾದಲ್ಲಿ ತೆಗೆಯುವುದು

ಡಿಎಸ್‌ಎಲ್‌ಆರ್ ಅನ್ನು ಬಿಚ್ಚಿ ಫಿಲ್ಟರ್ ತೆಗೆಸಬೇಕು ಎಂದು ಯಾರಾದರೂ ಹೇಳಿದರೆ ಸದ್ಯಕ್ಕೆ ಬೇಡ. ಅದು ಕೆಂಪು ಬೆಳಕಿನ ನೀಹಾರಿಕೆಗಳಿಗೆ. ಇವುಗಳ ನೀಲಿ ಹಸಿರು ಸಾಮಾನ್ಯ ಕ್ಯಾಮೆರಾದಲ್ಲೇ ಚೆನ್ನಾಗಿ ಬರುತ್ತದೆ.

1. ಅಭಿಜಿತ್ ಮೇಲೆ ಬಾಹ್ಟಿನೋವ್ ಮಾಸ್ಕ್ (ಫೋಕಸ್ ಗುರುತಿಸಲು ಕೊಳವೆ ಬಾಯಿಗೆ ಹಾಕುವ ಸೀಳುಗಳ ಮುಚ್ಚಳ) ಹಾಕಿ ಫೋಕಸ್ ಮಾಡಿ, ಲಾಕ್ ಮಾಡಿ, ಮಾಸ್ಕ್ ತೆಗೆಯಿರಿ. ತೆಗೆಯುವುದನ್ನು ಮರೆಯಬೇಡಿ.
2. ರಾ ಫೈಲ್, ಐಎಸ್‌ಒ 800 ಅಥವಾ 1600, 15ರಿಂದ 20 ಸೆಕೆಂಡ್. ಗೈಡಿಂಗ್ (ಇನ್ನೊಂದು ಕ್ಯಾಮೆರಾ ನಕ್ಷತ್ರ ನೋಡಿ ಮೌಂಟ್ ತಿದ್ದುವ ವ್ಯವಸ್ಥೆ) ಇಲ್ಲದ ಸಾಧಾರಣ ಮೌಂಟ್‌ಗೆ 1200 ಮಿ.ಮೀ.ನಲ್ಲಿ ಇದಕ್ಕಿಂತ ಜಾಸ್ತಿ ಕೇಳಬಾರದು.
3. ಐದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ನಕ್ಷತ್ರ ಉದ್ದವಾಗಿದ್ದರೆ ಸಮಯ ಇಳಿಸಿ. ಉಂಗುರ ಬರೀ ಬಿಳಿಯಾಗಿದ್ದರೆ ಬೆಳಕು ತುಂಬಿಹೋಗಿದೆ, ಆಗಲೂ ಇಳಿಸಿ.
4. ಸರಿಯಿದ್ದರೆ 120 ಚಿತ್ರ ತೆಗೆಯಿರಿ. 20 ಸೆಕೆಂಡಿನಂತೆ ಒಟ್ಟು 40 ನಿಮಿಷ.
5. ಕೊನೆಗೆ ಮುಚ್ಚಳ ಹಾಕಿ, ಅದೇ ಸಮಯ, ಅದೇ ಐಎಸ್‌ಒನಲ್ಲಿ 20 ಡಾರ್ಕ್ ಫ್ರೇಮ್. ಕರಾವಳಿಯ ಸೆಕೆ ರಾತ್ರಿಯಲ್ಲಿ ಸೆನ್ಸರ್ ಬಿಸಿಯಾಗಿ ಬಣ್ಣದ ಚುಕ್ಕೆ ಜಾಸ್ತಿ ಬರುತ್ತದೆ. ಶಿರಸಿಯ ಚಳಿಯಲ್ಲಿ ಬಿಟ್ಟರೂ ನಡೆದೀತು, ಕಾರವಾರದಲ್ಲಿ ಬಿಡಬಾರದು.

ಚಿತ್ರದಲ್ಲಿ ಉಂಗುರ ತೀರಾ ಚಿಕ್ಕದಾಗಿ ಕಂಡರೆ ಗಾಬರಿಯಾಗಬೇಡಿ. ಎಪಿಎಸ್-ಸಿ (ಸಾಮಾನ್ಯ ಡಿಎಸ್‌ಎಲ್‌ಆರ್ ಅಳತೆಯ) ಸೆನ್ಸರ್‌ನಲ್ಲಿ ಅದು ಅಗಲದ ಐವತ್ತರಲ್ಲಿ ಒಂದು ಪಾಲು ಅಷ್ಟೇ. ಕತ್ತರಿಸಿಕೊಳ್ಳಬೇಕು. ಎಂ 27 ಸುಮಾರು ಎಂಟರಲ್ಲಿ ಒಂದು ಪಾಲು ತುಂಬುತ್ತದೆ. ಕ್ಯಾಮೆರಾ ಹಿಡಿದವರು ಮೊದಲು ಅದನ್ನೇ ತೆಗೆಯಲಿ ಎನ್ನುವುದು ನನ್ನ ಸಲಹೆ.

ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಒಂದೇ ಮಾಡಲು ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್, ಎರಡೂ ಉಚಿತ. ಕೆಟ್ಟ ಚಿತ್ರಗಳನ್ನು ಮೊದಲೇ ತೆಗೆದುಹಾಕಿ. ಸ್ಟ್ರೆಚ್ ಮಾಡುವಾಗ, ಅಂದರೆ ಮಂದ ಭಾಗ ಕಾಣುವಂತೆ ಬೆಳಕು ಏರಿಸುವಾಗ, ಹಿನ್ನೆಲೆಯನ್ನು ಪೂರ್ತಿ ಕಪ್ಪು ಮಾಡಬೇಡಿ, ಹೊರಗಿನ ಮಂದ ಅಂಚು ಅದರಲ್ಲೇ ಮುಳುಗುತ್ತದೆ. ಒಳಗೆ ನೀಲಿ ಹಸಿರು, ಹೊರ ಅಂಚಿಗೆ ಕೆಂಪು ಬಂದಿದ್ದರೆ ಬಣ್ಣ ಸರಿ ಇದೆ.

## 10. ಇಬ್ಬನಿ ಮತ್ತು ಬೂಸ್ಟು

ನಕ್ಷತ್ರಗಳ ಸುತ್ತ ಬೆಳಕಿನ ಬಳೆ ಬಂತು, ಚಿತ್ರದಿಂದ ಚಿತ್ರಕ್ಕೆ ಸಣ್ಣ ನಕ್ಷತ್ರಗಳು ಕಾಣೆಯಾಗುತ್ತಿವೆ ಎಂದರೆ ಇಬ್ಬನಿ ಕೂತಿದೆ. ನ್ಯೂಟೋನಿಯನ್‌ನಲ್ಲಿ ಮೊದಲು ಮಸುಕಾಗುವುದು ಐಪೀಸ್, ಫೈಂಡರ್ ಮತ್ತು ಮುಂದಿನ ಸಣ್ಣ ಕನ್ನಡಿ. ಬಟ್ಟೆಯಿಂದ ಒರೆಸಬೇಡಿ. ಹೇರ್ ಡ್ರೈಯರ್‌ನ ಕಡಿಮೆ ಬಿಸಿ ಗಾಳಿ ದೂರದಿಂದ ಬಿಡಿ. ಕೊಳವೆಯ ಬಾಯಿಗೆ ಫೋಮ್ ಚಾಪೆ ಸುತ್ತಿ ಮುಂದಕ್ಕೆ ಉದ್ದ ಮಾಡಿದರೆ ಇಬ್ಬನಿ ತಡವಾಗಿ ಬರುತ್ತದೆ.

ಕೆಲಸ ಮುಗಿದ ಮೇಲೆ ತೇವ ಇರುವಾಗಲೇ ಮುಚ್ಚಳ ಹಾಕಿ ಪೆಟ್ಟಿಗೆಗೆ ಸೇರಿಸಬೇಡಿ. ಒಳಗೆ ತಂದು, ಕೊಳವೆಯ ಬಾಯಿ ಕೆಳಮುಖ ಮಾಡಿ ಒಣಗಲು ಬಿಡಿ.

ಮೇ ಕೊನೆಗೆ ಐಪೀಸ್, ಫಿಲ್ಟರ್, ಬಾರ್ಲೋ, ಕ್ಯಾಮೆರಾ ಎಲ್ಲವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಸಣ್ಣ ತೇವಮಾಪಕ ಒಳಗಿಟ್ಟು 40ರಿಂದ 50 ಪ್ರತಿಶತದೊಳಗೆ ಇರುವಂತೆ ನೋಡಿಕೊಳ್ಳಿ. ದೊಡ್ಡ ಕನ್ನಡಿಯನ್ನೂ ಅದರ ಚೌಕಟ್ಟಿನ ಸಮೇತ ಬಿಚ್ಚಿ ಹೀಗೇ ಇಡಬಹುದು. ಇಡೀ ಕೊಳವೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟರೆ ತೇವ ಒಳಗೇ ಸಿಕ್ಕಿ ಬೂಸ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಆರಿದ ಮೇಲೆ ವಾಪಸ್ ಹಾಕಿ. ಆ ಬಾಣಲೆ ಅಡುಗೆಗೆ ಬಳಸಬಾರದು.

ಸೆಪ್ಟೆಂಬರ್ ಕೊನೆಯಲ್ಲಿ ಹೊರ ತೆಗೆದಾಗ ಕನ್ನಡಿ ಮೇಲೆ ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಬೂಸ್ಟು. ಉಜ್ಜಬೇಡಿ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಅದರಲ್ಲಿ ನೆನೆಸಿ, ಹತ್ತಿಯನ್ನು ಒತ್ತದೆ ಎಳೆದು, ಬರೀ ಡಿಸ್ಟಿಲ್ಡ್ ನೀರಿನಿಂದ ತೊಳೆದು, ನಿಲ್ಲಿಸಿ ಒಣಗಿಸಿ. ಕನ್ನಡಿ ಕೂರಿಸಿದ ಮೇಲೆ ಕಾಲಿಮೇಷನ್ ಮತ್ತೆ ಮಾಡಬೇಕು, ಫೈಂಡರ್ ಕೂಡ ಮತ್ತೆ ಹೊಂದಿಸಬೇಕು. ಎರಡನ್ನೂ ಅಕ್ಟೋಬರ್‌ನ ಮೊದಲ ತಿಳಿ ಸಂಜೆಗೆ ಮುಂಚೆ ಮುಗಿಸಿಡಿ.